ಮೇಲಿನ ಅರ್ಧ, ಕೆಳಗಿನ ಅರ್ಧ

ನಾಕೌಟ್ ಪಂದ್ಯಾವಳಿಗೆ 11 ತಂಡ ಬಂದರೆ 10 ಪಂದ್ಯ, 5 ಬೈ, ಅಂದರೆ ಐದು ತಂಡ ಮೊದಲ ಸುತ್ತು ಆಡದೆಯೇ ಮುಂದಕ್ಕೆ. ಬೈಲಹೊಂಗಲದಲ್ಲಿರಲಿ, ರಾಮದುರ್ಗದಲ್ಲಿರಲಿ, ಅಂತರ ಕಾಲೇಜು ಪಂದ್ಯಾವಳಿ ನಡೆಸಿ ಕೈ ಪಳಗಿದ ದೈಹಿಕ ಶಿಕ್ಷಣ ನಿರ್ದೇಶಕರು ಈ ಲೆಕ್ಕಕ್ಕೆ ಪೆನ್ನು ಹಿಡಿಯುವುದಿಲ್ಲ. ಎರಡು, ನಾಲ್ಕು, ಎಂಟು, ಹದಿನಾರು ಎಂದು ಎಣಿಸುತ್ತ ಹೋದರೆ 11ನ್ನು ದಾಟುವ ಮೊದಲ ಸಂಖ್ಯೆ 16. ಅದರಲ್ಲಿ 11 ಕಳೆದರೆ 5. ಮೇಲಿನ ಅರ್ಧಕ್ಕೆ 6 ತಂಡ, ಕೆಳಗಿನ ಅರ್ಧಕ್ಕೆ 5. ಬೈಗಳಲ್ಲಿ ಮೇಲೆ 2, ಕೆಳಗೆ 3. ಬೈ ಸಿಕ್ಕವರಿಗೆ ಮೂರು ಗೆಲುವಿಗೆ ಕಪ್, ಸಿಗದವರಿಗೆ ನಾಲ್ಕು.

ಆಮೇಲೆ ಚೀಟಿ. ನೋಟ್‌ಬುಕ್ಕಿನ ಹಾಳೆ ಹರಿದು, ಕಾಲೇಜಿನ ಹೆಸರು ಬರೆದು, ನಾಲ್ಕು ಮಡಿಕೆ ಮಾಡಿ ಯಾರದೋ ಕ್ರಿಕೆಟ್ ಟೊಪ್ಪಿಗೆಯೊಳಗೆ ಹಾಕುತ್ತಾರೆ. ಮ್ಯಾನೇಜರುಗಳು ಮೇಜಿನ ಸುತ್ತ ನಿಂತಿರುತ್ತಾರೆ. ಒಬ್ಬೊಬ್ಬರ ಚೀಟಿ ಎದ್ದಂತೆ ಡ್ರಾಯಿಂಗ್ ಹಾಳೆಯ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆದು ಹೆಸರು ತುಂಬುತ್ತಾರೆ. ಹೀಗೆ ಟೈ ಶೀಟ್ ಸಿದ್ಧವಾಗುತ್ತದೆ. ಅದನ್ನು ಗೋಡೆಗೆ ಅಂಟಿಸಿದ ಕೂಡಲೇ ಹುಡುಗರು ಮುತ್ತುವುದನ್ನು ನೋಡಬೇಕು. ತಮ್ಮ ಹೆಸರನ್ನು ಹುಡುಕುವುದು ಎರಡನೆಯ ಕೆಲಸ. ಮೊದಲು ಬೆರಳು ಹೋಗುವುದು ಹೋದ ವರ್ಷ ಗೆದ್ದವರ ಹೆಸರಿನ ಮೇಲೆ: ಅವರು ಮೇಲಿನ ಅರ್ಧದಲ್ಲಿದ್ದಾರೋ, ಕೆಳಗಿನ ಅರ್ಧದಲ್ಲೋ? ಅವರಿರುವ ಕಡೆ ತಾವಿಲ್ಲ ಎಂದಾದರೆ ಮುಖ ಅರಳುತ್ತದೆ. ಚೆಂಡು ಇನ್ನೂ ಚೀಲದೊಳಗೇ ಇರುತ್ತದೆ.

ಆಡುವುದು ಹೇಗೆ ಎಂಬುದರಷ್ಟೇ ಯಾರ ಮೇಲೆ ಆಡುತ್ತೇವೆ ಎಂಬುದೂ ತಂಡವೊಂದರ ಹಣೆಬರಹ ಬರೆಯುತ್ತದೆ. ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಬೆನ್ನುಹತ್ತಿದವರು ಇದಕ್ಕೊಂದು ದೊಡ್ಡ ಗಣಿತವನ್ನೇ ಕಟ್ಟಿಕೊಂಡಿದ್ದಾರೆ. ನಮ್ಮ ಜಾತ್ರೆಯ ಕುಸ್ತಿ ಮೈದಾನದಲ್ಲಿ ಅದೇ ಕೆಲಸವನ್ನು ಪಟಗ ಸುತ್ತಿದ ನಾಲ್ಕು ಹಿರಿಯರು ಕಣ್ಣಂದಾಜಿನಲ್ಲೇ ಮುಗಿಸುತ್ತಾರೆ.

ಜೋಡ ಹಚ್ಚುವುದು ಎನ್ನುತ್ತಾರೆ ಅದನ್ನು. ಪ್ರತಿ ವರ್ಷ ಅಕ್ಟೋಬರ್‌ನಲ್ಲಿ, ಬ್ರಿಟಿಷರ ಮೇಲೆ ಕಿತ್ತೂರು ಸಾಧಿಸಿದ 1824ರ ಅಕ್ಟೋಬರ್ 23ರ ಗೆಲುವಿನ ನೆನಪಿಗೆ ನಡೆಯುವ ಕಿತ್ತೂರು ಉತ್ಸವದಲ್ಲೂ ಕುಸ್ತಿ ಇರುತ್ತದೆ. ಈ ಭಾಗದ ಹಳ್ಳಿಗಳ ಜಾತ್ರೆಯಲ್ಲಂತೂ ಕುಸ್ತಿ ಇಲ್ಲದಿದ್ದರೆ ಜಾತ್ರೆ ಸಪ್ಪೆ. ಪೈಲ್ವಾನರು ಬಂದು ಅಂಗಿ ಕಳಚಿ ನಿಂತರೆ, ಜೋಡ ಹಚ್ಚುವವರು ಹೆಗಲು, ಕುತ್ತಿಗೆ, ತೊಡೆ ನೋಡುತ್ತಾರೆ. ಯಾವ ತಾಲೀಮು, ಯಾರು ಉಸ್ತಾದರು, ಹೋದ ಜಾತ್ರೆಯಲ್ಲಿ ಯಾರನ್ನು ಚಿತ್ ಮಾಡಿದ ಎಂದು ಕೇಳುತ್ತಾರೆ. ಸರಿಸಮ ಎನ್ನಿಸಿದ ಇಬ್ಬರ ಕೈ ಹಿಡಿದು ಮೇಲೆತ್ತಿದರೆ ಹಲಗಿ ಬಡಿಯುತ್ತದೆ. ಹೊಂದದ ಜೋಡಿ ಎತ್ತಿದರೆ ಜನವೇ ಕೂಗಿ ಬಿಡಿಸುತ್ತಾರೆ. ಟಗರಿನ ಕಾಳಗದಲ್ಲಿ ಇನ್ನೂ ಸರಳ: ಬಾಯಿ ತೆರೆದು ಹಲ್ಲು ಎಣಿಸುತ್ತಾರೆ. ಎರಡು ಹಲ್ಲಿನದಕ್ಕೆ ಎರಡು ಹಲ್ಲಿನದು, ನಾಲ್ಕಕ್ಕೆ ನಾಲ್ಕು. (ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಕಾಯ್ದೆಯ ಪ್ರಕಾರ ಅಪರಾಧ ಎಂಬುದು ಬೇರೆ ಮಾತು, ವರ್ಗೀಕರಣದ ಜಾಣತನವನ್ನಷ್ಟೇ ಇಲ್ಲಿ ಹೇಳುತ್ತಿರುವುದು.)

ಕಾಲೇಜಿನ ತಂಡಗಳ ಹಲ್ಲು ಎಣಿಸುವವರು ಯಾರೂ ಇಲ್ಲ. ಅವುಗಳ ಎದುರಾಳಿಗಳನ್ನು ಬಹುಪಾಲು ನಿರ್ಧರಿಸುವುದು ನಕ್ಷೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲೂಕುಗಳ ಪದವಿ ಕಾಲೇಜುಗಳು 2010ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗಿದ್ದವು. ಕಿತ್ತೂರಿನ ಹುಡುಗ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ಬ್ಲೂ ಎನಿಸಿಕೊಳ್ಳಬೇಕಾದರೆ ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ, ಕಾರವಾರದ ಹುಡುಗರ ನಡುವೆ ಎದ್ದು ಕಾಣಬೇಕಿತ್ತು. 2010ರಲ್ಲಿ ಬೆಳಗಾವಿಯ ಸ್ನಾತಕೋತ್ತರ ಕೇಂದ್ರವೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಅದರ ಪಾಲಿಗೆ ಬಂದವು. ಒಂದು ಸರ್ಕಾರಿ ಆದೇಶಕ್ಕೆ ಟೈ ಶೀಟಿನಿಂದ ಅರ್ಧಕ್ಕರ್ಧ ಹೆಸರು ಉದುರಿಹೋದವು.

ಲಾಭವೋ ನಷ್ಟವೋ? ಬ್ಲೂ ಆಗುವ ದಾರಿ ಹಗುರಾಯಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಕಿತ್ತೂರಿನಿಂದ ಹೆದ್ದಾರಿಗುಂಟ ಮೂವತ್ತು ಚಿಲ್ಲರೆ ಕಿಲೋಮೀಟರು ಹೋದರೆ ಧಾರವಾಡ. ಅಲ್ಲಿಯ ಗಟ್ಟಿ ತಂಡಗಳು ಈಗ ಬೇರೆ ವಿಶ್ವವಿದ್ಯಾಲಯದವು. 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಹುಟ್ಟಿದಾಗ ರಾಮದುರ್ಗಕ್ಕೂ ಅದೇ ಗತಿ. ಬಾದಾಮಿ, ಮುಧೋಳ ಅದರ ಪಕ್ಕದ ತಾಲೂಕುಗಳು. ಆದರೆ ಬಾಗಲಕೋಟೆ ಜಿಲ್ಲೆಯವಾದ್ದರಿಂದ ಅವು ಆ ಕಡೆ ಹೋದವು. ರಾಮದುರ್ಗದವರು ಮಾತ್ರ ನೂರು ಕಿಲೋಮೀಟರಿಗೂ ದೂರದ ಬೆಳಗಾವಿಯತ್ತ ಮುಖ ಮಾಡಿ ಉಳಿದರು. ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ, ಹಳೆಯದರಲ್ಲಿ ಸೇರಿಸುವ ಮಾತು 2025ರಲ್ಲಿ ಎದ್ದಾಗ ನೇಮಕಾತಿ, ಅನುದಾನದ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಆಟಗಾರರ ಎದುರಾಳಿಗಳು ಇನ್ನೊಮ್ಮೆ ಬದಲಾಗುತ್ತಾರೆ ಎಂಬುದು ಆ ಚರ್ಚೆಯೊಳಗೆ ನುಸುಳುವಷ್ಟು ದೊಡ್ಡ ವಿಷಯವಲ್ಲ. ಹುಡುಗಿಯರ ಲೆಕ್ಕ ಇನ್ನೂ ಬೇರೆ: ಸಹಶಿಕ್ಷಣದ ಕಾಲೇಜಿನಲ್ಲಿ ಓದಿದರೆ ಒಂದು ವಿಶ್ವವಿದ್ಯಾಲಯ, ಮಹಿಳಾ ಕಾಲೇಜಿನಲ್ಲಿ ಓದಿದರೆ 2003ರಲ್ಲಿ ವಿಜಯಪುರದಲ್ಲಿ ಶುರುವಾದ ಮಹಿಳಾ ವಿಶ್ವವಿದ್ಯಾಲಯ. ಒಂದೇ ಓಣಿಯ ಇಬ್ಬರು ಗೆಳತಿಯರು ಕಾಲೇಜು ಸೇರಿದ ಮೇಲೆ ಅಧಿಕೃತವಾಗಿ ಒಮ್ಮೆಯೂ ಎದುರಾಗದೆ ಪದವಿ ಮುಗಿಸಬಹುದು.

ಶಾಲಾ ಕ್ರೀಡಾಕೂಟದಲ್ಲೂ ಇದೇ ನಕ್ಷೆಯ ಆಟ. ಕಂದಾಯದ ಲೆಕ್ಕದಲ್ಲಿ ಬೆಳಗಾವಿ ಒಂದೇ ಜಿಲ್ಲೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು: ಬೆಳಗಾವಿ ಮತ್ತು ಚಿಕ್ಕೋಡಿ. ನಮ್ಮ ನಾಲ್ಕೂ ತಾಲೂಕುಗಳು ಬೆಳಗಾವಿ ಶೈಕ್ಷಣಿಕ ಜಿಲ್ಲೆಯವು. ಹಾಗಾಗಿ ಸವದತ್ತಿಯ ಶಾಲೆಯೊಂದು ವಿಭಾಗ ಮಟ್ಟ ಮುಟ್ಟುವವರೆಗೆ ಗೋಕಾಕ, ಅಥಣಿ, ರಾಯಬಾಗದವರ ಗೊಡವೆಯೇ ಇಲ್ಲ. ಜಿಲ್ಲೆಯಿಂದ ಎರಡು ತಂಡ ಮೇಲಕ್ಕೆ ಹೋದಂತಾಯಿತು, ಗದಗಕ್ಕೆ ಒಂದೇ. ಕಿತ್ತೂರಂತೂ ಮೊದಲು ಬೈಲಹೊಂಗಲ ತಾಲೂಕಿನೊಳಗೇ ಇತ್ತು. ಬೇರೆಯಾದ ಮೇಲೆ ಅಲ್ಲಿಯ ಮಕ್ಕಳು ಬೈಲಹೊಂಗಲದವರನ್ನು ಸೋಲಿಸದೆಯೇ ಜಿಲ್ಲೆಗೆ ಹೋಗಬಹುದು. ತಾಲೂಕು ಹೋರಾಟದಲ್ಲಿ ಧರಣಿ ಕೂತವರು ಮನವಿಯಲ್ಲಿ ಬರೆಯಲು ಮರೆತ ಲಾಭ ಇದು.

ಬ್ಲೂ ಆದ ಹುಡುಗನ ಮುಂದಿನ ಕಟ್ಟೆ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ. ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಏರ್ಪಾಡಿನಲ್ಲಿ ಬ್ಯಾಸ್ಕೆಟ್‌ಬಾಲಿನಂಥ ತಂಡದ ಆಟಗಳಿಗೆ ದೇಶವನ್ನು ವಲಯಗಳಾಗಿ ಹಂಚಿದ್ದಾರೆ. ಒಂದೊಂದು ವಲಯದಿಂದ ಮೊದಲ ನಾಲ್ಕು ತಂಡ ಅಖಿಲ ಭಾರತ ಮಟ್ಟಕ್ಕೆ. ನೋಡಲು ನ್ಯಾಯವಾಗಿಯೇ ಇದೆ. ಆದರೆ ಬ್ಯಾಸ್ಕೆಟ್‌ಬಾಲಿನಲ್ಲಿ ದಕ್ಷಿಣ ವಲಯವೆಂದರೆ ತಮಿಳುನಾಡು, ಕೇರಳದ ಎತ್ತರದ ಹುಡುಗರ ಕೋಟೆ. ಮದ್ರಾಸ್, ಎಸ್‌ಆರ್‌ಎಂ, ಕಲ್ಲಿಕೋಟೆ, ಕೊಟ್ಟಾಯಂನ ಮಹಾತ್ಮ ಗಾಂಧಿ, ನಮ್ಮದೇ ಬೆಂಗಳೂರಿನ ಜೈನ್, ಇವೆಲ್ಲ ಒಂದೇ ಸಾಲಿನಲ್ಲಿ ನಿಂತು ನಾಲ್ಕು ಕುರ್ಚಿಗೆ ಬಡಿದಾಡುತ್ತವೆ. ಕೋರ್ಟಿನ ಮಟ್ಟ ಇಷ್ಟಿಲ್ಲದ ವಲಯಕ್ಕೂ ನಾಲ್ಕೇ ಕುರ್ಚಿ.

ಅದಕ್ಕಿಂತ ಕಹಿಯಾದದ್ದು ಪೂಲ್ ಪದ್ಧತಿ. ಸಾಮಾನ್ಯವಾಗಿ ತಂಡಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಪೂಲಿಗೆ ಹಂಚುತ್ತಾರೆ. ಹಿಂದಿನ ವರ್ಷದ ಮೊದಲ ನಾಲ್ವರು ಒಂದೊಂದು ಪೂಲಿನ ತಲೆಯ ಮೇಲೆ ಕೂರುತ್ತಾರೆ. ಪೂಲಿನೊಳಗೆ ನಾಕೌಟ್, ಗೆದ್ದ ನಾಲ್ವರು ಆಮೇಲೆ ಲೀಗ್ ಆಡುತ್ತಾರೆ. ಅಂದರೆ ವಲಯದ ಎರಡನೆಯ ಅತ್ಯುತ್ತಮ ತಂಡ, ಚೀಟಿಯ ದುರದೃಷ್ಟದಿಂದ ಮೊದಲನೆಯದರ ಪೂಲಿಗೇ ಬಿದ್ದರೆ, ಅದಕ್ಕೆ ನಾಲ್ಕನೆಯ ಸ್ಥಾನವೂ ಇಲ್ಲ. ಅಖಿಲ ಭಾರತ ಮಟ್ಟದ ಮೊದಲ ಎಂಟರಲ್ಲಿ ಬಂದವರಿಗೆ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಬಾಗಿಲು. 2022ರ ಏಪ್ರಿಲ್–ಮೇ ತಿಂಗಳಲ್ಲಿ ಅದು ಬೆಂಗಳೂರಿನಲ್ಲೇ ನಡೆಯಿತು, ಸಮಗ್ರ ಪ್ರಶಸ್ತಿ ಆತಿಥೇಯ ಜೈನ್ ವಿಶ್ವವಿದ್ಯಾಲಯದ್ದಾಯಿತು. ರಾಮದುರ್ಗದ ಮಣ್ಣಿನ ಅಂಗಳದಿಂದ ಆ ಒಳಾಂಗಣದವರೆಗಿನ ದಾರಿಯಲ್ಲಿ ಎಷ್ಟು ಚೀಟಿಗಳನ್ನು ದಾಟಬೇಕು, ಎಣಿಸಿಕೊಳ್ಳಿ.

ಅಮೆರಿಕದವರು ಚೀಟಿಯ ಬದಲು ಲೆಕ್ಕಕ್ಕೆ ಕೈ ಹಾಕಿದ್ದು ಅನಿವಾರ್ಯದಿಂದ. 2024–25ರ ಋತುವಿನಲ್ಲಿ ಅಲ್ಲಿಯ ಮೊದಲ ದರ್ಜೆಯಲ್ಲಿ 364 ಕಾಲೇಜುಗಳಿದ್ದವು. ನಮ್ಮ ಪಿ.ಡಿ. ಸರ್ ಲೀಗ್ ಸೂತ್ರ ಹಾಕಿದರೆ, ಎಲ್ಲರೂ ಎಲ್ಲರ ಮೇಲೆ ಒಮ್ಮೆ ಆಡಲು 66,066 ಪಂದ್ಯ ಬೇಕು. ಆಗದ ಮಾತು. ಒಂದೊಂದು ತಂಡ ಸುಮಾರು ಮೂವತ್ತು ಪಂದ್ಯ ಆಡುತ್ತದೆ. ಬಹುಪಾಲು ಕಾಲೇಜುಗಳು ಗುಂಪುಗೂಡಿ ಕಟ್ಟಿಕೊಂಡ ತನ್ನದೇ ಒಕ್ಕೂಟದೊಳಗೆ, ಉಳಿದವು ತಾನೇ ಕುದುರಿಸಿಕೊಂಡವು. ಮಾರ್ಚ್ ತಿಂಗಳ ರಾಷ್ಟ್ರೀಯ ಟೂರ್ನಿಗೆ ಜಾಗ 68. 2025ರಲ್ಲಿ ಅವುಗಳಲ್ಲಿ 31 ಜಾಗ ಒಕ್ಕೂಟಗಳ ಚಾಂಪಿಯನ್ನರಿಗೆ ನೇರವಾಗಿ ಹೋದವು. ಮಿಕ್ಕ 37ಕ್ಕೆ ಒಂದು ಸಮಿತಿ ಕೋಣೆಯೊಳಗೆ ಕೂತು ಆರಿಸಿತು. 25 ಗೆದ್ದವರು ದೊಡ್ಡವರೋ, 20 ಗೆದ್ದವರೋ? ಯಾರ ಮೇಲೆ ಗೆದ್ದರು ಎಂದು ಕೇಳದೆ ಹೇಳುವಂತಿಲ್ಲ.

1981ರಿಂದ ಸುಮಾರು ನಾಲ್ಕು ದಶಕ ಅವರು ಬಳಸಿದ್ದು ಆರ್‌ಪಿಐ ಎಂಬ ಸೂತ್ರ. ತಂಡದ ಸ್ವಂತ ಗೆಲುವಿನ ಪ್ರಮಾಣಕ್ಕೆ ಅದರಲ್ಲಿ ಕಾಲು ಭಾಗದ ತೂಕ. ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ ಅರ್ಧ. ಎದುರಾಳಿಗಳ ಎದುರಾಳಿಗಳಿಗೆ ಉಳಿದ ಕಾಲು. ಒಂದು ಕಲ್ಪಿತ ಲೆಕ್ಕ ಮಾಡಿ ನೋಡಿ: ಒಂದು ತಂಡ 20ರಲ್ಲಿ 18 ಗೆದ್ದಿದೆ, ಆದರೆ ಅದರ ಎದುರಾಳಿಗಳ ಗೆಲುವು 0.400, ಅವರ ಎದುರಾಳಿಗಳದು 0.450. ಒಟ್ಟು 0.5375. ಇನ್ನೊಂದು ತಂಡ ಗೆದ್ದದ್ದು 12 ಮಾತ್ರ, ಎದುರಾಳಿಗಳು 0.650, ಅವರ ಎದುರಾಳಿಗಳು 0.560. ಒಟ್ಟು 0.615. ಆರು ಪಂದ್ಯ ಹೆಚ್ಚು ಗೆದ್ದವರು ಹಿಂದೆ, ಎಂಟು ಸೋತವರು ಮುಂದೆ! ಸೂತ್ರದ ಮುಕ್ಕಾಲು ಭಾಗ ತಂಡ ಆಡಿದ ಆಟದ್ದಲ್ಲ, ಆಡಲು ಸಿಕ್ಕವರ ಗುಣದ್ದು. 2004–05ರಿಂದ ಮನೆಯಂಗಳದ ಗೆಲುವನ್ನು 0.6, ಹೊರಗಿನ ಗೆಲುವನ್ನು 1.4 ಎಂದು ಎಣಿಸತೊಡಗಿದರು. ಬೆಳಗಿನ ಮೊದಲ ಬಸ್ಸಿಗೆ ಹೊರಟು, ನೂರು ಕಿಲೋಮೀಟರು ಕುಲುಕಿಸಿಕೊಂಡು ಬಂದು, ಹತ್ತು ಗಂಟೆಗೆ ಬೂಟಿನ ಲೇಸು ಬಿಗಿಯುವ ರಾಮದುರ್ಗದವರು ಕೇಳಿದರೆ ಸಂತೋಷಪಡುವ ತಿದ್ದುಪಡಿ.

2018–19ರಲ್ಲಿ ಆರ್‌ಪಿಐ ಹೋಗಿ ನೆಟ್ ಎಂಬ ಹೊಸ ಶ್ರೇಯಾಂಕ ಬಂತು. ಅದರ ಜೊತೆಗೆ ಪ್ರತಿ ಪಂದ್ಯವನ್ನೂ ನಾಲ್ಕು ಅಂಕಣಗಳಲ್ಲಿ ಒಂದಕ್ಕೆ ಹಾಕುತ್ತಾರೆ. ಮೊದಲ ಅಂಕಣಕ್ಕೆ ಸೇರಬೇಕಾದರೆ ಸ್ವಂತ ಅಂಗಳದಲ್ಲಿ ಮೊದಲ 30ರೊಳಗಿನ ತಂಡ, ತಟಸ್ಥ ಅಂಗಳದಲ್ಲಿ 50ರೊಳಗಿನದು, ಎದುರಾಳಿಯ ಅಂಗಳದಲ್ಲಾದರೆ 75ರೊಳಗಿನದು ಸಿಗಬೇಕು. ಈ ಮೊದಲ ಅಂಕಣವೇ ಬಂಗಾರ. ಅದರಲ್ಲಿ ಆಡುವ ಅವಕಾಶವಾದರೂ ಎಲ್ಲರಿಗೂ ಎಲ್ಲಿದೆ?

ಇಂಡಿಯಾನಾ ಸ್ಟೇಟ್ ಕಾಲೇಜಿನ ಕಥೆ ಕೇಳಿ. ಲ್ಯಾರಿ ಬರ್ಡ್ ಆಡಿ ಹೆಸರು ತಂದ ಕಾಲೇಜು ಅದು. 2024ರಲ್ಲಿ 28 ಗೆದ್ದು 6 ಸೋತಿತ್ತು, ನೆಟ್ ಶ್ರೇಯಾಂಕ 30ರೊಳಗಿತ್ತು. ಒಕ್ಕೂಟದ ಫೈನಲ್‌ನಲ್ಲಿ ಡ್ರೇಕ್ ಎದುರು ನಾಲ್ಕು ಅಂಕದಿಂದ ಸೋತಿತು, ನೇರ ಪ್ರವೇಶ ಕೈತಪ್ಪಿತು. ಸಮಿತಿ ಅದನ್ನು ಕರೆಯಲಿಲ್ಲ. ಒಕ್ಕೂಟ ಸಣ್ಣದು, ಮೊದಲ ಅಂಕಣದ ಪಂದ್ಯಗಳು ಬೆರಳೆಣಿಕೆ. ಎರಡನೆಯ ದರ್ಜೆಯ ಎನ್‌ಐಟಿ ಟೂರ್ನಿಗೆ ಹೋಗಿ ಅಲ್ಲಿ ಫೈನಲ್‌ವರೆಗೆ ಆಡಿತು.

ಮರುವರ್ಷ ನಾರ್ತ್ ಕ್ಯಾರೊಲಿನಾ ಕಥೆ ಇದಕ್ಕೆ ತದ್ವಿರುದ್ಧ. ಮೊದಲ ಅಂಕಣದಲ್ಲಿ 13 ಪಂದ್ಯ ಸಿಕ್ಕವು. ಗೆದ್ದದ್ದು ಒಂದು, ಸೋತದ್ದು ಹನ್ನೆರಡು. ಆದರೂ ಕರೆ ಬಂತು. ಆ ವರ್ಷದ ಆಯ್ಕೆ ಸಮಿತಿಯ ಅಧ್ಯಕ್ಷರು ಅದೇ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರಾಗಿದ್ದರು. ತಮ್ಮ ತಂಡದ ಚರ್ಚೆ ಬಂದಾಗ ಅವರು ಹೊರಗುಳಿದಿದ್ದರು. ಆದರೂ ಜನ ಬಿಡಬೇಕಲ್ಲ! ಜಾಗ ತಪ್ಪಿದ ವೆಸ್ಟ್ ವರ್ಜೀನಿಯಾದ ರಾಜ್ಯಪಾಲರು ಸುದ್ದಿಗೋಷ್ಠಿ ಕರೆದು ತನಿಖೆ ಮಾಡಿಸುವ ಮಾತಾಡಿದರು. ಅದೇ ವರ್ಷ ಆಗ್ನೇಯದ ದೊಡ್ಡ ಒಕ್ಕೂಟದ 16 ತಂಡಗಳಲ್ಲಿ 14ಕ್ಕೆ ಪ್ರವೇಶ ಸಿಕ್ಕಿತು, ಅದೊಂದು ದಾಖಲೆ. ಒಬ್ಬರ ಮೇಲೊಬ್ಬರು ಆಡುತ್ತಲೇ ಎಲ್ಲರ ವೇಳಾಪಟ್ಟಿಯೂ ಗಟ್ಟಿಯಾಗುತ್ತ ಹೋಗುತ್ತದೆ. ಸೋತವನಿಗೂ ದೊಡ್ಡವನ ಕೈಲಿ ಸೋತ ಗೌರವ. ಸಾಹುಕಾರರ ಮನೆಯ ಮದುವೆಯಲ್ಲಿ ಮುಯ್ಯಿ ಅವರವರ ನಡುವೆಯೇ ತಿರುಗಿದಂತೆ.

ಸಣ್ಣ ಕಾಲೇಜು ದೊಡ್ಡದನ್ನು ತನ್ನ ಊರಿಗೆ ಕರೆದರೆ? ಬರುವುದಿಲ್ಲ. ಬಂದು ಸೋತರೆ ಮಾನ ಹೋಗುತ್ತದೆ, ಗೆದ್ದರೆ ಲಾಭ ಅಷ್ಟಕ್ಕಷ್ಟೆ. ಬದಲಿಗೆ ದೊಡ್ಡದೇ ಹತ್ತಾರು ಸಾವಿರ ಡಾಲರ್ ಕೊಟ್ಟು ಸಣ್ಣದನ್ನು ತನ್ನ ಅಂಗಳಕ್ಕೆ ಕರೆಸಿಕೊಳ್ಳುತ್ತದೆ. ಸೋಲಿಗೆ ಸಂಭಾವನೆ. 2015–16ರಲ್ಲಿ ಮಾನ್‌ಮತ್ ಎಂಬ ಸಣ್ಣ ಕಾಲೇಜು ಹೊರಗೆ ಹೋಗಿ ಯುಸಿಎಲ್‌ಎ, ನೋಟರ್ ಡೇಮ್, ಜಾರ್ಜ್‌ಟೌನ್‌ನಂಥ ಹೆಸರುವಾಸಿಗಳನ್ನೇ ಕೆಡವಿ ಬಂತು. ಆದರೆ ತನ್ನ ಒಕ್ಕೂಟದ ಮಾಮೂಲಿ ತಂಡಗಳ ಎದುರು ಮುಗ್ಗರಿಸಿದ್ದೇ ನೆಪವಾಗಿ ಹೊರಗುಳಿಯಿತು.

ಇದೆಲ್ಲ ಅಮೆರಿಕದವರ ರಗಳೆ ಎಂದು ಪುಟ ಮಗುಚುವವರು ರಣಜಿ ಟ್ರೋಫಿಯನ್ನು ನೆನೆಯಬೇಕು. 2018–19ರಲ್ಲಿ ಎಲೀಟ್ ಎ, ಬಿ ಗುಂಪುಗಳ ಹದಿನೆಂಟು ತಂಡಗಳಿಗೆ ಸೇರಿ ಐದು ಕ್ವಾರ್ಟರ್ ಫೈನಲ್ ಜಾಗ, ಸಿ ಗುಂಪಿಗೆ ಎರಡು, ಹೊಸಬರೇ ತುಂಬಿದ್ದ ಪ್ಲೇಟ್ ಗುಂಪಿಗೆ ಒಂದು. ಆ ಒಂದನ್ನು ಹಿಡಿದದ್ದು ಅದೇ ವರ್ಷ ಕಣಕ್ಕಿಳಿದ ಉತ್ತರಾಖಂಡ; ಅದು ಸೋಲಿಸಿ ಬಂದದ್ದು ಮಿಜೋರಾಂ, ಸಿಕ್ಕಿಂ, ಅರುಣಾಚಲದಂಥ ತನ್ನಷ್ಟೇ ಹೊಸ ತಂಡಗಳನ್ನು. ಅಷ್ಟೊತ್ತಿಗೆ 41 ಬಾರಿ ಗೆದ್ದಿದ್ದ ಮುಂಬೈ, ಕರ್ನಾಟಕ, ವಿದರ್ಭ, ಸೌರಾಷ್ಟ್ರ, ಗುಜರಾತ್ ಇದ್ದ ಎ ಗುಂಪಿನಲ್ಲಿ ಸಿಕ್ಕಿಬಿದ್ದು ಮನೆಗೆ ಹೋಯಿತು. ನಾಗಪುರದಲ್ಲಿ ವಿದರ್ಭದ ಎದುರು ಉತ್ತರಾಖಂಡ ಇನಿಂಗ್ಸ್ ಅಂತರದಿಂದ ಸೋತಿತು. ಹಾಗೆಂದು ಆ ಜಾಗ ದಂಡವಾಯಿತೆ? ಚಾಂಪಿಯನ್ನರ ಬೌಲಿಂಗ್ ಎದುರು ಆಡುವ ಅವಕಾಶ ಆ ಹುಡುಗರಿಗೆ ಬೇರೆ ದಾರಿಯಲ್ಲಿ ಸಿಗುತ್ತಿರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ವಲಯಗಳ ಕಾಲ. 1960–61ರಿಂದ 1973–74ರೊಳಗೆ ರಾಜಸ್ಥಾನ ಎಂಟು ಬಾರಿ ಫೈನಲ್ ತಲುಪಿ ಎಂಟೂ ಸೋತಿತು. ಏಳು ಬಾಂಬೆಗೆ, ಕೊನೆಯದು ಜೈಪುರದಲ್ಲಿ ಕರ್ನಾಟಕಕ್ಕೆ. ತಂಡ ಒಳ್ಳೆಯದೇ. ಆದರೆ ಕೇಂದ್ರ ವಲಯದಲ್ಲಿ ಅದನ್ನು ತಡೆಯುವವರು ಕಡಿಮೆ, ದಕ್ಷಿಣದಲ್ಲಿ ಮೈಸೂರು, ಮದ್ರಾಸು, ಹೈದರಾಬಾದು ಪರಸ್ಪರ ಕಚ್ಚಾಡಿ ದಣಿಯುತ್ತಿದ್ದವು ಎಂಬುದನ್ನೂ ಹೇಳಬೇಕಾಗುತ್ತದೆ. ಐಪಿಎಲ್‌ನಲ್ಲೂ 2022ರಿಂದ ಹತ್ತು ತಂಡಗಳಾದ ಮೇಲೆ ಪ್ರತಿ ತಂಡ ಐದು ಎದುರಾಳಿಗಳ ಮೇಲೆ ಎರಡೆರಡು ಬಾರಿ, ನಾಲ್ವರ ಮೇಲೆ ಒಂದೇ ಬಾರಿ ಆಡುತ್ತದೆ. ಯಾರು ಎರಡು ಬಾರಿ ಸಿಗುತ್ತಾರೆ ಎಂಬುದನ್ನು ಅಂಕಪಟ್ಟಿ ಹೇಳುವುದಿಲ್ಲ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಪಂಡಿತರೂ ಕೇಳುವುದಿಲ್ಲ.

ಗಟ್ಟಿ ಜೋಡಿ ಬೇಕೆಂದರೆ ಪೈಲ್ವಾನರು ಬಹಳ ಹಿಂದೆಯೇ ಒಂದು ದಾರಿ ಹಿಡಿದಿದ್ದಾರೆ: ಊರು ಬಿಡುವುದು. ಬೆಳಗಾವಿ ಸೀಮೆಯ ಎಷ್ಟೋ ಹುಡುಗರು ಕೊಲ್ಹಾಪುರದ ತಾಲೀಮುಗಳಿಗೆ ಹೋಗಿ ಮಟ್ಟಿ ಹಚ್ಚಿಕೊಂಡರು. ಶಾಹು ಮಹಾರಾಜರು ಕಟ್ಟಿಸಿದ ಅಲ್ಲಿಯ ಖಾಸಬಾಗ ಮೈದಾನದಲ್ಲಿ ಜೋಡ ಬಿದ್ದವನಿಗೆ ಊರ ಜಾತ್ರೆಯಲ್ಲಿ ಕೈ ಎತ್ತಿಸುವ ಮರ್ಯಾದೆಯೇ ಬೇರೆ. ಒಬ್ಬನೇ ಪೈಲ್ವಾನ ಗಂಟು ಕಟ್ಟಿ ಹೊರಡಬಹುದು. ಹನ್ನೆರಡು ಹುಡುಗರ ಬ್ಯಾಸ್ಕೆಟ್‌ಬಾಲ್ ತಂಡ ಹಾಗೆ ಹೊರಡಲಾರದು. ಅವರಿಗೆ ಹಾಜರಾತಿ ಬೇಕು, ಪ್ರಾಚಾರ್ಯರ ಅನುಮತಿ ಬೇಕು, ಟಿ.ಎ., ಡಿ.ಎ. ಮಂಜೂರಾಗಬೇಕು. ವರ್ಷಕ್ಕೆ ಸಿಗುವುದು ಒಂದು ಪಂದ್ಯಾವಳಿ. ನಾಕೌಟ್ ಆದ್ದರಿಂದ, ಸೋತರೆ ಒಂದೇ ಪಂದ್ಯ. ಅಮೆರಿಕದ ಹುಡುಗ ಮೂವತ್ತು ಪಂದ್ಯದ ಗಟ್ಟಿತನದ ಬಗ್ಗೆ ತಕರಾರು ಎತ್ತುತ್ತಾನೆ. ಇಲ್ಲಿಯವನ ಋತು ನಲವತ್ತು ನಿಮಿಷದ್ದು. 11 ತಂಡಕ್ಕೆ ಲೀಗ್ ಆಡಿಸಿದರೆ 55 ಪಂದ್ಯ. ಅಷ್ಟು ದಿನ, ಅಷ್ಟು ಅಂಪೈರುಗಳು, ಅಷ್ಟು ಊಟದ ಖರ್ಚು ಯಾವ ಕಾಲೇಜಿಗೂ ಹೊರೆಯೇ. ಮೂರು ಗುಂಪು ಮಾಡಿ ಒಳಗೊಳಗೇ ಲೀಗ್ ಆಡಿಸಿದರೆ ಗುಂಪಿನ ಹಂತ ಹದಿನೈದು ಪಂದ್ಯದಲ್ಲಿ ಮುಗಿಯುತ್ತದೆ, ಪ್ರತಿ ತಂಡಕ್ಕೂ ಕನಿಷ್ಠ ಒಂದಾದರೂ ಹೆಚ್ಚಿಗೆ ಸಿಗುತ್ತದೆ. ಹತ್ತರ ಬದಲು ಹದಿನೈದು, ಮೇಲೆ ಗುಂಪು ಗೆದ್ದ ಮೂವರ ಎರಡೋ ಮೂರೋ. ಒಂದು ದಿನದ ಊಟ ಹೆಚ್ಚು ಎಂದಿಟ್ಟುಕೊಳ್ಳಿ.

ಅಂಥ ಪಂದ್ಯಾವಳಿಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಒಂದು ನೋಟ ಕಾಣಸಿಗುತ್ತದೆ. ಹತ್ತು ಗಂಟೆಯ ಪಂದ್ಯದಲ್ಲಿ ಹೋದ ವರ್ಷದ ಚಾಂಪಿಯನ್ನರ ಕೈಗೆ ಸಿಕ್ಕು ಸೋತವರು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದು ಮುಗಿಸಿರುತ್ತಾರೆ. ಊರಿನ ಬಸ್ಸಿಗೆ ಇನ್ನೂ ಎರಡು ತಾಸು. ಆ ಕಡೆ ಕೋರ್ಟಿನಲ್ಲಿ ಸೆಮಿಫೈನಲ್ ನಡೆದಿರುತ್ತದೆ. ಈ ಕಡೆ ಜಾಳಿಗೆ ಹರಿದ ಹಳೆಯ ರಿಂಗಿನ ಹತ್ತಿರ ಅವರಂತೆಯೇ ಬೆಳಿಗ್ಗೆ ಸೋತ ಇನ್ನೊಂದು ಕಾಲೇಜಿನವರು ಸುಮ್ಮನೆ ಚೆಂಡು ಎಸೆಯುತ್ತಿರುತ್ತಾರೆ. ಒಬ್ಬ ಎದ್ದು ಹೋಗಿ ಕೇಳುತ್ತಾನೆ, ‘ಬರ್ರೀ, ಒಂದು ಫ್ರೆಂಡ್ಲಿ ಆಡೂಣು?’ ಸೀಟಿ ಊದುವವರಿಲ್ಲ, ಅಂಕ ಬರೆಯುವವರಿಲ್ಲ. ತೋಳಿಲ್ಲದ ಬನಿಯನ್ನಿನವರು ಒಂದು ಕಡೆ, ಅಂಗಿ ಹಾಕಿಕೊಂಡವರು ಇನ್ನೊಂದು ಕಡೆ. ಹತ್ತೇ ನಿಮಿಷದಲ್ಲಿ ಮೊಣಕಾಲು ಕೆಂಪು ಮಣ್ಣಾಗಿ, ‘ಫೌಲ್ ಆತು’, ‘ಇಲ್ಲೋ’ ಎಂಬ ಕೂಗು ಏಳುತ್ತದೆ. ಬಸ್ಸು ಬಂತೆಂದು ಮ್ಯಾನೇಜರು ಗೇಟಿನಿಂದ ಕೈ ಬೀಸುವವರೆಗೆ ನಡೆಯುತ್ತದೆ.